ಹೊಸ್ತಿಲ ಮೇಲಿನ ಬೆನ್ನು

ಪಣಕ್ಕಿದ್ದದ್ದು ಕಣಜದ ಕೀಲಿ. ಅದು ಯಾರ ಸೊಂಟದಲ್ಲಿರುತ್ತದೋ ಮಠದಲ್ಲಿ ಅವರ ಮಾತು ನಡೆಯುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಕೀಲಿ ಉಗ್ರಾಣದ ಹಾಲಪ್ಪನ ಹತ್ತಿರ ಇತ್ತು. ಗುರುಗಳು ಹೊಳೆಯಾಚೆಯ ಊರಿಗೆ ಹೋಗಿ ಬರುವಷ್ಟರಲ್ಲಿ ಶಿಷ್ಯ ಕೊಟ್ರಯ್ಯನ ಸೊಂಟಕ್ಕೆ ಬಂದಿತ್ತು.

“ಹಾಲಪ್ಪ ಎಲ್ಲಿ?”

“ಹೋದ, ಬುದ್ಧಿ. ಜೋಳ ಕದೀತಿದ್ದ. ಪುರಾವೆ ಇದೆ.”

ಕೊಟ್ರಯ್ಯ ಮೊಬೈಲು ಮುಂದೆ ಹಿಡಿದ. ಫೋಟೋದಲ್ಲಿ ಕಣಜದ ಹೊಸ್ತಿಲು, ಹೊಸ್ತಿಲ ಮೇಲೆ ಹಾಲಪ್ಪ. ಹೆಗಲ ಮೇಲೆ ಚೀಲ, ಚೀಲಕ್ಕೊಂದು ಕೆಂಪು ತೇಪೆ. ಮುಖ ಕಾಣದು, ಬೆನ್ನಷ್ಟೇ.

“ಇದರಲ್ಲಿ ಕಳ್ಳತನ ಎಲ್ಲಿದೆ?”

“ಬೆನ್ನು ಅಂಗಳದ ಕಡೆ ಇದೆ ನೋಡಿ. ಕಣಜಕ್ಕೆ ಬೆನ್ನು ತೋರಿಸಬಾರದು ಅಂತ ನಮ್ಮಲ್ಲಿ ಎಲ್ಲರೂ ಹಿಮ್ಮುಖವಾಗೇ ಹೊರಗೆ ಬರೋದು. ಇವನೂ ಹಾಗೇ ಬರ್ತಿದಾನೆ, ಚೀಲ ಹೊತ್ತು. ಅದೂ ಮುಸ್ಸಂಜೆ, ಯಾರೂ ಇಲ್ಲದ ಹೊತ್ತು.”

“ಫೋಟೋ ತೆಗೆದ ಮೇಲೆ ಅಲ್ಲೇ ನಿಂತು ನೋಡಿದೆಯಾ?”

“ಯಾಕೆ ಬುದ್ಧಿ? ಫೋಟೋ ಸಿಕ್ಕಿತಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ತೋರಿಸಿದೆ, ಎಲ್ಲರೂ ಒಪ್ಪಿದರು.”

“ಹಾಲಪ್ಪ ಏನಂದ?”

“ಏನೂ ಅನ್ನಲಿಲ್ಲ. ಎಲೆ ಮಡಿಚಿ ಎದ್ದ, ಕೀಲಿ ಇಟ್ಟ, ಹೋದ. ತಪ್ಪಿಲ್ಲದೋನು ಸುಮ್ಮನಿರ್ತಾನಾ?”

“ಒಳಗೆ ಹೋಗೋನ ಬೆನ್ನು ಯಾವ ಕಡೆ ಇರುತ್ತೆ, ಮರಿ?”

ಕೊಟ್ರಯ್ಯ ಮೊಬೈಲನ್ನು ತನ್ನ ಕಡೆ ತಿರುಗಿಸಿಕೊಂಡು ಫೋಟೋ ಮತ್ತೆ ನೋಡಿದ.

“ಕೀಲಿ ಹೇಗೂ ನಿನ್ನ ಹತ್ತಿರಾನೇ ಇದೆ. ಹೋಗಿ ಒಳಗೆ ನೋಡು.”

ಹೋದ. ಹಿಮ್ಮುಖವಾಗಿ ಹೊರಗೆ ಬಂದ. ಈ ಕಡೆ ತಿರುಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

“ಕೆಂಪು ತೇಪೆ ಚೀಲ ಒಳಗೇ ಇದೆ, ಬುದ್ಧಿ. ಬಾಯಿ ಹೊಲಿದಿದ್ದು ಬಿಚ್ಚಿಲ್ಲ.”

“ಅವನ ಹೊಲದ್ದು. ಪ್ರತಿ ಸುಗ್ಗಿಗೂ ಮೊದಲ ಚೀಲ ತಂದು ಹಾಕ್ತಾನೆ. ಕೊಟ್ಟಿದ್ದನ್ನ ಹೇಳಿಕೊಂಡರೆ ವ್ಯಾಪಾರ ಆಗುತ್ತೆ, ಯಾರಿಗೂ ಹೇಳಬೇಡಿ ಅಂತ ನನ್ನಿಂದಲೂ ಭಾಷೆ ತಗೊಂಡಿದ್ದ.”

“ಈಗಲೇ ಹೋಗಿ ಕಾಲು ಹಿಡಿದು ಕರ್ಕೊಂಡು ಬರ್ತೀನಿ.”

“ಬಂದರೆ ಯಾವ ಪಂಕ್ತಿಯಲ್ಲಿ ಕೂರಿಸ್ತೀಯ?”

“ಎಲ್ಲರಿಗೂ ನಿಜ ಹೇಳ್ತೀನಿ.”

“ಹೇಳು. ನಾವೇ ಕಣ್ಣಾರೆ ಕಂಡಿದ್ದೀವಲ್ಲ ಅಂತಾರೆ.”

ಕೊಟ್ರಯ್ಯ ಕೀಲಿ ಬಿಚ್ಚಿ ಗುರುಗಳ ಪಾದದ ಹತ್ತಿರ ಇಟ್ಟ. “ಫೋಟೋ ಅಳಿಸಿಬಿಡ್ತೀನಿ, ಬುದ್ಧಿ.”

ಗುರುಗಳು ಕೀಲಿ ಎತ್ತಿ ಅವನ ಕೈಗೇ ಹಾಕಿದರು.

“ಅಳಿಸಬೇಡ. ಮಠಕ್ಕೆ ಒಂದು ಚೀಲ ಜೋಳ ಸಿಕ್ಕಿತು, ನಿನಗೆ ಕೀಲಿ ಸಿಕ್ಕಿತು. ಹಾಲಪ್ಪನದು ಅಂತ ಉಳಿದಿರೋದು ಆ ಬೆನ್ನು.”