ಹುಂಜ ಹೇಳಿದ ದಾರಿ

ಹುಂಜ, ಕತ್ತೆ ಮತ್ತು ಮುಂಗುಸಿ ಜೊತೆಗೂಡಿ ಪರದೇಶ ನೋಡಲು ಹೋಗಿದ್ದವು. ಮೂವರ ಚೀಲವೂ ಕತ್ತೆಯ ಬೆನ್ನ ಮೇಲಿತ್ತು. ಊರಿಗೆ ಮರಳುವ ಕೊನೆಯ ಹಡಗು ಸಂಜೆ ಹೊರಡುವುದಿತ್ತು; ಎಷ್ಟು ಅಲೆದರೂ ಬಂದರು ಸಿಕ್ಕಿರಲಿಲ್ಲ. ಆಗ ಎದುರಿಗೆ ಬಂದ ಆ ದೇಶದ ಪೆಂಗ್ವಿನ್ ಒಂದು, "ಸ್ವಾಮಿ, ಬಂದರಿಗೆ ಹೇಗೆ ಹೋಗಬೇಕು?" ಎಂದು ಕೇಳಿತು.

"ನೇರ ಹೋಗಿ ಎಡಕ್ಕೆ ತಿರುಗಿ. ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ," ಎಂದಿತು ಹುಂಜ. ಪೆಂಗ್ವಿನ್ ವಂದಿಸಿ ನಡೆಯಿತು.

"ದಾರಿ ಗೊತ್ತಿದ್ದೂ ನಮ್ಮನ್ನು ಸುತ್ತಾಡಿಸಿದೆಯಲ್ಲೋ ಮಾರಾಯ," ಎಂದಿತು ಕತ್ತೆ.

"ನನಗೆಲ್ಲಿ ಗೊತ್ತು? ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಗೊತ್ತಿಲ್ಲ ಅನ್ನುವುದು ಹೇಗೆ? ನಮ್ಮೂರಲ್ಲಿ ಯಾರಾದರೂ ಹಾಗೆ ಅಂದದ್ದನ್ನು ಕೇಳಿದ್ದೀಯಾ?"

ಕೇಳಿಲ್ಲವೆಂದು ಕತ್ತೆ ಒಪ್ಪಿಕೊಂಡಿತು.

ಮುಂಗುಸಿ ಮಾತ್ರ ಪೆಂಗ್ವಿನ್ ಹೋದ ದಿಕ್ಕನ್ನೇ ನೋಡುತ್ತಿತ್ತು. "ಎಷ್ಟು ಧೈರ್ಯವಾಗಿ ಹೋಗುತ್ತಿದೆ ನೋಡಿ. ಈ ದೇಶದವರು ದಾರಿ ತಿಳಿಯದೆ ಹೆಜ್ಜೆ ಇಡುವವರಲ್ಲ. ಅದರ ಹಿಂದೆಯೇ ಹೋಗೋಣ," ಎಂದಿತು.

ಕತ್ತೆಗೆ ಮಾತು ಸರಿಯೆನಿಸಿತು. ಹುಂಜನಿಗೂ ಸರಿಯೆನಿಸಿತು. ಮೂರೂ ಪೆಂಗ್ವಿನ್ನಿನ ಹಿಂದೆ ನಡೆದವು.

ಎಡಕ್ಕೆ ತಿರುಗಿ ಬಹಳ ದೂರ ಹೋದ ಮೇಲೆ ಒಂದು ಆಲೂಗಡ್ಡೆ ಹೊಲ ಬಂತು. ದಾರಿ ಅಲ್ಲಿಗೆ ಮುಗಿಯಿತು. ಹಡಗು ಹೊರಟ ಕೂಗು ಅವರ ಬೆನ್ನ ಹಿಂದೆ, ಬಹು ದೂರದಿಂದ ಕೇಳಿಸಿತು.

ಪೆಂಗ್ವಿನ್ ತಿರುಗಿ ಹುಂಜನನ್ನು ನೋಡಿತು. "ಹಡಗು ಹೋಯಿತಲ್ಲ, ಸ್ವಾಮಿ."

"ಹೋಗದೆ ಇನ್ನೇನು?" ಎಂದಿತು ಹುಂಜ. "ನೀವು ಸ್ವಲ್ಪ ಬೇಗ ಬೇಗ ನಡೆಯಬೇಕಿತ್ತು."