ಚಂದಲೆಗೆ ಲೆಕ್ಕ ಕಲಿಸಿದ್ದು

ಹೊಳೆಯ ದಂಡೆಯಲ್ಲಿ ಶಿವಭೂತಿಗಳ ಆಶ್ರಮವಿತ್ತು. ಅಲ್ಲಿ ಕಲಿಸುತ್ತಿದ್ದುದು ಗಣಿತವೊಂದನ್ನೇ.

ಬೆಳಗಿನ ಮಂಜು ಅಲ್ಲಿ ತಡವಾಗಿ ಚದುರುತ್ತಿತ್ತು. ಮರಳಿನ ಮೇಲೆ ಬರೆದ ಅಂಕಿಗಳು ಇಬ್ಬನಿಯಲ್ಲಿ ಮೆತ್ತಗಾಗುತ್ತಿದ್ದವು. ಹೊಳೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟವಾಗಿತ್ತು.

ಗುರುಗಳಿಗೆ ವಯಸ್ಸಾಗಿತ್ತು. ಪಾಠವನ್ನೆಲ್ಲ ಹಿರಿಯ ಶಿಷ್ಯ ಗುಣಚಂದ್ರನಿಗೆ ಒಪ್ಪಿಸಿದ್ದರು.

ಗುಣಚಂದ್ರನ ಮಾತು ಇಂಪಾದದ್ದು. ಎಂಥ ತೊಡಕಿನ ಲೆಕ್ಕವೂ ಅವನ ಬಾಯಲ್ಲಿ ಸಲೀಸಾಗುತ್ತಿತ್ತು. ಅವನು ಹೇಳುತ್ತಿದ್ದರೆ ಕೇಳುವವರ ಕಣ್ಣು ಅರೆಮುಚ್ಚಿ ತಲೆ ತಾನಾಗಿ ತೂಗುತ್ತಿತ್ತು.

ಆ ವರ್ಷ ಬೇಸಗೆಗೆ ಮುಂಚೆ ಚಂದಲೆ ಬಂದಳು. ಕರೆತಂದವನು ಅವಳ ಸೋದರಮಾವ ಕೇತಮಯ್ಯ.

ಚಂದಲೆಯ ತಂದೆ ಊರಿನ ಜೋಯಿಸನಾಗಿದ್ದ. ತಿಥಿ, ಹಬ್ಬ, ಗ್ರಹಣ ಎಲ್ಲವನ್ನೂ ಲೆಕ್ಕ ಹಾಕಿ ಹೇಳುತ್ತಿದ್ದವನು ಅವನೇ. ಅವನು ತೀರಿಕೊಂಡ ಮೇಲೆ ಆ ಕೆಲಸ ಮಾಡುವವರು ಯಾರೂ ಇರಲಿಲ್ಲ. ತಾನು ಮಾಡುತ್ತೇನೆ ಎಂದು ಮಗಳು ಹಟ ಹಿಡಿದಿದ್ದಳು.

ಕೇತಮಯ್ಯ ಗುರುಗಳಿಗೆ ನಮಸ್ಕರಿಸಿ ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿದ. ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೆ ಬರುತ್ತೇನೆ; ಅಷ್ಟರಲ್ಲಿ ವಿದ್ಯೆ ಹತ್ತಿದರೆ ಸರಿ, ಇಲ್ಲದಿದ್ದರೆ ಇವಳನ್ನು ನಮ್ಮ ಮನೆಗೇ ಕರೆದೊಯ್ಯುತ್ತೇನೆ; ಅಲ್ಲಿ ಅಡಿಗೆಮನೆಯಲ್ಲಿ ಕೆಲಸಕ್ಕೇನೂ ಕೊರತೆಯಿಲ್ಲ.

ಚಂದಲೆ ನೆಲ ನೋಡುತ್ತ ನಿಂತಿದ್ದಳು.

ಗುಣಚಂದ್ರ ಅವಳಿಗೆ ಪಾಠ ಶುರುಮಾಡಿದ. ಅಂಕಿಗಳನ್ನು ಒಂದೊಂದಾಗಿ ಮರಳಿನ ಮೇಲಿಟ್ಟು, ಒಂದರಿಂದ ಇನ್ನೊಂದು ಹೇಗೆ ಬಂತೆಂದು ತೋರಿಸಿದ. ಮಂಜಿನೊಳಗಿಂದ ಅವನ ದನಿ ಜೋಗುಳದ ಹಾಗೆ ಬರುತ್ತಿತ್ತು.

ಅವಳಿಗೆ ಎಲ್ಲ ಕಾಣಿಸಿತು. ಅಂಕಿಗಳೆಲ್ಲ ಕೈಗೆಟಕುವ ಹಾಗೆ ಹತ್ತಿರ ಬಂದು ನಿಂತವು.

ತಿಳಿಯಿತೇ ಎಂದು ಅವನು ಕೇಳಿದ. ತಿಳಿಯಿತು ಎಂದಳು. ಅದು ನಿಜವಾಗಿತ್ತು.

ಮರುದಿನ ಅದೇ ಲೆಕ್ಕವನ್ನು ಅವಳೇ ಮಾಡಲಿ ಎಂದ. ಅವಳು ಕಡ್ಡಿ ಹಿಡಿದು ಕೂತಳು. ನಿನ್ನೆ ಕಂಡದ್ದು ಒಂದೂ ನೆನಪಿಗೆ ಬರಲಿಲ್ಲ.

ಅವನು ಇನ್ನಷ್ಟು ಬಿಡಿಸಿ ಹೇಳಿದ. ಮತ್ತೆ ತಿಳಿಯಿತು. ಮತ್ತೆ ಮರೆತುಹೋಯಿತು.

ಬೇಸಗೆ ಹೀಗೇ ಜಾರತೊಡಗಿತು. ಅವನು ಹೇಳುವಾಗ ಅವಳ ಮುಖ ಅರಳುತ್ತಿತ್ತು, ಅವನು ಸುಮ್ಮನಾದ ಕೂಡಲೇ ಬಾಡುತ್ತಿತ್ತು. ಒಂದು ದಿನ ಕಡ್ಡಿ ಕೆಳಗಿಟ್ಟು ಅತ್ತುಬಿಟ್ಟಳು.

ಗುಣಚಂದ್ರ ಗುರುಗಳ ಬಳಿ ಹೋದ. ಅವಳ ತಲೆಯಲ್ಲಿ ಲೆಕ್ಕ ನಿಲ್ಲುವುದಿಲ್ಲ, ಸುಮ್ಮನೆ ಆಸೆ ಹುಟ್ಟಿಸುವುದಕ್ಕಿಂತ ಈಗಲೇ ಮಾವನಿಗೆ ಹೇಳಿ ಕಳಿಸುವುದು ಒಳ್ಳೆಯದು ಎಂದ. ಹೇಳುವಾಗ ಅವನಿಗೂ ಸಂಕಟವಾಗಿತ್ತು.

ಗುರುಗಳು ಕೇಳಿದರು: "ನೀನು ಹೇಳಿಕೊಡುವಾಗ ಅವಳು ಏನು ಮಾಡುತ್ತಾಳೆ?"

"ಗಮನವಿಟ್ಟು ಕೇಳುತ್ತಾಳೆ."

"ಮತ್ತೆ?"

"ಇನ್ನೇನು ಮಾಡಬೇಕು, ಗುರುಗಳೇ?"

ಗುರುಗಳು ಎದ್ದು ಹೊಳೆಯ ಕಡೆ ನಡೆದರು. ಅವನೂ ಹಿಂದೆ ಹೋದ.

ಆಚೆ ದಡದಲ್ಲಿ ಒಂದು ಹಳೆಯ ಮಂಟಪವಿತ್ತು. ಗುರುಗಳು ಅಲ್ಲಿಗೆ ಧ್ಯಾನಕ್ಕೆ ಹೋಗುತ್ತಿದ್ದರು. ಚಿಕ್ಕಂದಿನಿಂದಲೂ ಗುಣಚಂದ್ರ ಅವರ ಜೊತೆ ಹರಿಗೋಲಿನಲ್ಲಿ ಕೂತು ದಾಟುತ್ತಿದ್ದ. ಹುಟ್ಟು ಹಾಕುತ್ತಿದ್ದವರು ಗುರುಗಳು. ಅವನು ನೀರಿನಲ್ಲಿ ಕೈ ಅದ್ದಿ ಹಕ್ಕಿಗಳನ್ನು ನೋಡುತ್ತ ಕೂತಿರುತ್ತಿದ್ದ.

ಆ ಬೆಳಗು ಗುರುಗಳು ಹುಟ್ಟನ್ನು ಅವನ ಕೈಗೆ ಕೊಟ್ಟರು.

"ದಾರಿ ಗೊತ್ತಲ್ಲ?"

"ಗೊತ್ತು."

ದಂಡೆ ಬಿಟ್ಟ ಸ್ವಲ್ಪ ಹೊತ್ತಿಗೇ ಮಂಜು ಸುತ್ತ ಮುಚ್ಚಿಕೊಂಡಿತು. ಹರಿಗೋಲು ಇದ್ದಲ್ಲೇ ಗಿರಗಿರನೆ ತಿರುಗಿತು. ಹೊರಟ ದಡ ಯಾವುದು, ಸೇರಬೇಕಾದ ದಡ ಯಾವುದು, ಅವನಿಗೆ ತಿಳಿಯದಾಯಿತು.

ಗುರುಗಳ ಕಡೆ ನೋಡಿದ. ಅವರು ಕಣ್ಣು ಮುಚ್ಚಿ ಕೂತಿದ್ದರು.

ಎಡಕ್ಕೋ ಬಲಕ್ಕೋ ಎಂದು ಕೇಳಿದ. ಅವರು ಮಾತಾಡಲಿಲ್ಲ. ಮತ್ತೆ ಕೇಳಿದ. ಆಗಲೂ ಇಲ್ಲ. ಅವನಿಗೆ ಸಿಟ್ಟು ಬಂತು. ಹುಟ್ಟು ಬೀಸಿ ಬೀಸಿ ಹರಿಗೋಲನ್ನು ಒಂದು ಮರಳುದಿಬ್ಬಕ್ಕೆ ಡಿಕ್ಕಿ ಹೊಡೆಸಿದ.

ಅಲ್ಲಿ ಕೂತು ದಣಿವಾರಿಸಿಕೊಳ್ಳುವಾಗ ನೀರಿನ ಸಪ್ಪಳ ಅವನ ಕಿವಿಗೆ ಬಿತ್ತು. ಒಂದು ಕಡೆ ಹೊಳೆ ಆಳವಾಗಿ ಗುನುಗುತ್ತಿತ್ತು. ಇನ್ನೊಂದು ಕಡೆ ಕಲ್ಲುಗಳ ಮೇಲೆ ಗಲಗಲ ಎನ್ನುತ್ತಿತ್ತು. ಮಂಟಪದ ಮೆಟ್ಟಿಲ ಬುಡದಲ್ಲಿ ಕಲ್ಲುಗಳಿದ್ದದ್ದು ನೆನಪಾಯಿತು.

ಆ ಸಪ್ಪಳ ಹಿಡಿದು ಹೋದ. ಎರಡು ಸಲ ದಾರಿ ತಪ್ಪಿ, ಕೊನೆಗೆ ಮೆಟ್ಟಿಲು ಮುಟ್ಟಿದ. ತೋಳು ಸೋತುಹೋಗಿದ್ದವು.

ಗುರುಗಳು ಕಣ್ಣು ತೆರೆದರು. ಮೆಟ್ಟಿಲು ಹತ್ತುತ್ತ, "ಇಷ್ಟು ವರ್ಷ ನೀನು ಹೊಳೆ ದಾಟಿದ್ದೆಯಾ?" ಎಂದು ಕೇಳಿದರು.

ಮರುದಿನ ಗುಣಚಂದ್ರ ಚಂದಲೆಯ ಎದುರು ಕೂತ. ಮರಳನ್ನು ಸಮ ಮಾಡಿ ಕಡ್ಡಿಯನ್ನು ಅವಳ ಕಡೆ ಸರಿಸಿದ. ಎಂಟು ಜನ ಒಂದು ಬಾವಿಯನ್ನು ಹನ್ನೆರಡು ದಿನದಲ್ಲಿ ತೋಡುತ್ತಾರೆ. ಆರೇ ಜನ ಇದ್ದರೆ ಎಷ್ಟು ದಿನ ಬೇಕು ಎಂದು ಕೇಳಿದ.

ಅವಳು ಅವನ ಬಾಯನ್ನೇ ನೋಡುತ್ತ ಕೂತಳು. ಅವನು ಏನೂ ಹೇಳಲಿಲ್ಲ.

"ಇದನ್ನು ನೀವಿನ್ನೂ ಹೇಳಿಕೊಟ್ಟಿಲ್ಲ, ಅಣ್ಣಾ."

"ಇಲ್ಲ."

"ನನಗೆ ಗೊತ್ತಿಲ್ಲ."

"ಗೊತ್ತಿಲ್ಲದೆಯೇ ಹೇಳು. ತಪ್ಪಾದರೂ ಸರಿ."

ಹಾಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಕಡ್ಡಿ ಎತ್ತಿಕೊಂಡು ಬರೆದಳು. ಹಿಂದೆ ಕೇಳಿದ ಯಾವುದೋ ಲೆಕ್ಕದ ಜಾಡು ಹಿಡಿದು, ಒಂಬತ್ತು ದಿನ ಎಂದಳು.

ತಪ್ಪು ಎನ್ನಲು ಗುಣಚಂದ್ರನ ಬಾಯಿ ತವಕಿಸಿತು. ಅವನು ಹೊಳೆಯ ಕಡೆ ಮುಖ ತಿರುಗಿಸಿ ಕೂತ. ಇಷ್ಟು ವರ್ಷ ಕಲಿಸಿದವನಿಗೆ ಸುಮ್ಮನಿರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಅವನು ಮಾತಾಡದಿದ್ದುದರಿಂದ ಅವಳೇ ಮುಂದುವರಿದಳು. ಹಾಗಾದರೆ ನಾಲ್ಕು ಜನಕ್ಕೆ ಆರು ದಿನ. ಇಬ್ಬರಿಗೆ ಮೂರು. ಒಬ್ಬನಿಗೆ ಒಂದೂವರೆ.

ಕಡ್ಡಿ ನಿಂತಿತು.

"ಒಬ್ಬನೇ ಕೂತು ಒಂದೂವರೆ ದಿನದಲ್ಲಿ ಬಾವಿ ತೋಡಿಬಿಡುತ್ತಾನಾ?" ಎಂದಳು. ಎಂದು ತಾನೇ ನಕ್ಕಳು. ಆಶ್ರಮಕ್ಕೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬರೆದದ್ದನ್ನು ಅಂಗೈಯಿಂದ ಒರೆಸಿದಳು. ಜನ ಕಡಿಮೆಯಾದರೆ ದಿನ ಹೆಚ್ಚಾಗಬೇಕು. ಎಂಟು ಜನ ಹನ್ನೆರಡು ದಿನ ಮಾಡುವ ಕೆಲಸ ಒಬ್ಬನಿಗಾದರೆ ತೊಂಬತ್ತಾರು ದಿನ. ಅದನ್ನು ಆರು ಜನಕ್ಕೆ ಹಂಚಿದಳು. ಮಂಜು ಚದುರುವ ಹೊತ್ತಿಗೆ ಹದಿನಾರು ಬಂತು.

ಆಗ ಗುಣಚಂದ್ರ ಮಾತಾಡಿದ. ಒಂದು ಹೆಚ್ಚಿದಂತೆ ಇನ್ನೊಂದು ಹೆಚ್ಚುವ ಲೆಕ್ಕಕ್ಕೂ, ಒಂದು ಹೆಚ್ಚಿದಂತೆ ಇನ್ನೊಂದು ಕುಗ್ಗುವ ಲೆಕ್ಕಕ್ಕೂ ಇರುವ ಭೇದವನ್ನು ನಾಲ್ಕೇ ಮಾತಿನಲ್ಲಿ ಹೇಳಿದ. ಅವಳು ತಲೆದೂಗಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದಳು.

ಅಲ್ಲಿಂದ ಮುಂದೆ ಪಾಠದ ರೀತಿಯೇ ಬೇರೆಯಾಯಿತು. ಅವನು ಎರಡೂ ಬಗೆಯ ಲೆಕ್ಕಗಳನ್ನು ಕಲಸಿ ಕೇಳುತ್ತಿದ್ದ, ಯಾವುದು ಯಾವ ಬಗೆಯೆಂದು ಹೇಳುತ್ತಿರಲಿಲ್ಲ. ಎಂದೋ ಮುಗಿದ ಲೆಕ್ಕವನ್ನು ಅವಳು ಮರೆಯುವ ಹೊತ್ತಿಗೆ ಮತ್ತೆ ತೆಗೆಯುತ್ತಿದ್ದ. ಅವಳು ಎಡವುತ್ತಿದ್ದಳು, ಗೊಣಗುತ್ತಿದ್ದಳು, ಒರೆಸಿ ಮತ್ತೆ ಬರೆಯುತ್ತಿದ್ದಳು.

ಒಂದು ಸಂಜೆ ಅವಳು ಗುರುಗಳ ಬಳಿಗೇ ದೂರು ತಂದಳು. ಅಣ್ಣ ಮೊದಲು ಎಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದರು, ಕೂತು ಕೇಳಿದರೆ ಸಾಕು, ಎಲ್ಲ ತಿಳಿಯುತ್ತಿತ್ತು. ಈಗ ದಿನವೂ ತಪ್ಪುತ್ತೇನೆ, ನಾನು ಹಿಂದಕ್ಕೆ ಹೋಗುತ್ತಿದ್ದೇನೆ ಎಂದಳು.

"ಬಾವಿಗೆ ಎಷ್ಟು ದಿನ ಬೇಕಾಯಿತು?" ಎಂದರು ಗುರುಗಳು.

"ಹದಿನಾರು."

"ಯಾರು ಹೇಳಿದರು?"

ಅವಳು ಯೋಚಿಸಿದಳು. ಯಾರೂ ಹೇಳಿರಲಿಲ್ಲ.

"ಹಾಗಾದರೆ ಅದನ್ನು ಮರೆತು ತೋರಿಸು ನೋಡೋಣ, ಮಗೂ" ಎಂದರು.

ಅವಳು ಎದ್ದು ಹೋಗಿ ಮತ್ತೆ ಕಡ್ಡಿ ಹಿಡಿದಳು. ಹೊಳೆಯ ಮೇಲೆ ಬೆಳಕು ತೆಳುವಾಗುತ್ತ ಬಂತು.

ಆಕಾಶದಲ್ಲಿ ಕಪ್ಪು ಮೋಡ ಕೂಡುವ ಹೊತ್ತಿಗೆ ಕೇತಮಯ್ಯ ಬಂದ. ಅವನೂ ಜೋಯಿಸರ ಮನೆಯವನೇ, ತಕ್ಕಮಟ್ಟಿಗೆ ಲೆಕ್ಕ ಬಲ್ಲವನು. ಕಾಲು ತೊಳೆದು, ಜಗುಲಿಯ ಮೇಲೆ ಕೂತು, ಸೋದರಸೊಸೆಯನ್ನು ಎದುರಿಗೆ ಕರೆದ.

"ಸೂರ್ಯನಿಂದ ಚಂದ್ರ ನೂರ ಇಪ್ಪತ್ತೈದು ಭಾಗ ಮುಂದಿದ್ದಾನೆ. ಇವತ್ತು ಯಾವ ತಿಥಿ?"

ತಿಥಿಯ ಲೆಕ್ಕವನ್ನು ಗುಣಚಂದ್ರ ಮುಟ್ಟಿಯೇ ಇರಲಿಲ್ಲ.

ಚಂದಲೆ ಕಣ್ಣು ಮುಚ್ಚಿದಳು. ಆಕಾಶದ ಮುನ್ನೂರ ಅರವತ್ತು ಭಾಗಗಳಲ್ಲಿ ಸೂರ್ಯನನ್ನು ಬಿಟ್ಟು ಚಂದ್ರ ಹನ್ನೆರಡು ಭಾಗ ಸರಿದರೆ ಒಂದು ತಿಥಿ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ಗೊತ್ತಿರಲಿಲ್ಲ. ತುಟಿ ಅಲ್ಲಾಡಿದವು. ಹನ್ನೆರಡು ಹತ್ತಲೆ ನೂರ ಇಪ್ಪತ್ತು.

"ದಶಮಿ" ಎಂದಳು.

ಕೇತಮಯ್ಯ ನಿಟ್ಟುಸಿರು ಬಿಟ್ಟು ಏಳಲು ಹೊರಟ. ಗುಣಚಂದ್ರ ಕಂಬಕ್ಕೆ ಒರಗಿ ಹಲ್ಲು ಕಚ್ಚಿ ನಿಂತ.

"ತಾಳಿ ಮಾವ" ಎಂದಳು ಚಂದಲೆ. ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಹತ್ತು ತಿಥಿ ಮುಗಿದುಹೋಗಿದೆ. ಅದರ ಮೇಲೆ ಐದು ಭಾಗ ಆಗಿದೆ. ದಶಮಿ ಅಲ್ಲ, ಏಕಾದಶಿ ನಡೀತಿದೆ. ನಾನು ದಶಮಿ ಅಂತಲೇ ಬಿಟ್ಟಿದ್ದರೆ ಊರೆಲ್ಲ ಉಪವಾಸದ ದಿನ ಊಟ ಮಾಡಿಬಿಡುತ್ತಿತ್ತು."

ಕೇತಮಯ್ಯ ಮತ್ತೆ ಕೂತ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ನಿಮ್ಮಪ್ಪನೂ ಹೀಗೇ" ಎಂದ. "ಮೊದಲು ತಪ್ಪು ಹೇಳುತ್ತಿದ್ದ. ಆಮೇಲೆ ತಾಳು ತಾಳು ಎನ್ನುತ್ತಿದ್ದ."

ಅವನು ಒಬ್ಬನೇ ಊರಿಗೆ ಹೊರಟ. ಅವಳು ಮಳೆಗಾಲ ಕಳೆದು, ಗ್ರಹಣದ ಲೆಕ್ಕವನ್ನೂ ಕಲಿತೇ ಬರಲಿ, ಅಲ್ಲಿಯವರೆಗೆ ಹಬ್ಬದ ದಿನವನ್ನು ಪಕ್ಕದ ಊರಿನವರ ಬಳಿ ಕೇಳಿದರಾಯಿತು ಎಂದು ಹೇಳಿ ಹೋದ.

ಸಂಜೆ ಮೊದಲ ಮಳೆ ಬಂತು. ಅಂಗಳದ ಮರಳಿನ ಮೇಲಿದ್ದ ಅಂಕಿಗಳು ಒಂದೊಂದಾಗಿ ಕರಗಿದವು. ಮಣ್ಣಿನ ವಾಸನೆ ತುಂಬಿದ ಜಗುಲಿಯಲ್ಲಿ ಗುರುಗಳು ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ನಿದ್ದೆ ಬಂದಿದೆಯೋ ಎಚ್ಚರವಿದೆಯೋ ಎಂದು ಗುಣಚಂದ್ರನಿಗೆ ತಿಳಿಯಲಿಲ್ಲ.

ಆದರೂ ಕೇಳಿದ.

"ಗುರುಗಳೇ, ತಪ್ಪು ಅವಳದ್ದಲ್ಲ, ನಾನು ಹೇಳಿಕೊಡುವ ರೀತಿಯದ್ದು ಎಂದು ನಿಮಗೆ ಆ ದಿನವೇ ಗೊತ್ತಿತ್ತು. ಅವಳಿಗೆ ಮೊದಲು ತಾನೇ ಮಾಡಲು ಬಿಡು ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ನನಗೆ ಕೂಡಲೇ ಅರ್ಥವಾಗುತ್ತಿತ್ತಲ್ಲ?"

ಗುರುಗಳು ಕಣ್ಣು ತೆರೆಯಲಿಲ್ಲ.

"ಹೌದು, ಕೂಡಲೇ ಅರ್ಥವಾಗಿಬಿಡುತ್ತಿತ್ತು. ಅದಕ್ಕೇ ಹೇಳಲಿಲ್ಲ."