ಚಪ್ಪಡಿ ಕಲ್ಲಿನ ಕೆಳಗೆ ಮೂರು ಮರಿ

ಮತ್ತೆ ಕಥೆಯ ನಡುವೆ ಬಾಯಿ ಹಾಕಿದೆಯಾ, ನೀಲವ್ವ? ಆಗಲೇ ನೀರು ಬೇಕು ಅಂದೆ, ಕೊಟ್ಟೆ. ಉಚ್ಚೆ ಬಂತು ಅಂದೆ, ಕರೆದುಕೊಂಡು ಹೋದೆ. ಈಗ ಸೊಳ್ಳೆ ಅಂತೀಯ. ಆ ಸೊಳ್ಳೆಯೇ ನಿನಗಿಂತ ವಾಸಿ, ಸುಮ್ಮನೆ ಕೂತು ಕೇಳುತ್ತಿದೆ. ನೀನೂ ಕೂತುಕೋ. ಮೊದಲಿಂದ ಹೇಳುತ್ತೇನೆ.

ಊರಾಚೆ ಒಂದು ಬಯಲು. ಮಳೆ ಕಡಿಮೆ, ಕಲ್ಲು ಜಾಸ್ತಿ. ಅಲ್ಲಿ ಕಾರೆ ಗಿಡ, ಬೋರೆ ಗಿಡ. ಬೋರೆ ಗಿಡದ ಬುಡದಲ್ಲಿ ಒಂದು ಬಿಲ. ಬಿಲದಲ್ಲಿ ಒಂದು ಗುಳ್ಳೆನರಿ. ಅವಳಿಗೆ ಮೂರು ಮರಿ.

ಊರು ಬೆಳೆಯಿತು. ಬೆಳೆದು ಬೆಳೆದು ಬಯಲಿಗೆ ಬಂತು. ಮನೆ ಇನ್ನೂ ಬಂದಿರಲಿಲ್ಲ. ಮನೆ ಬರುತ್ತದೆ ಅಂತ ಹೇಳುವ ಸೈಟಿನ ಕಲ್ಲು ಬಂದಿತ್ತು.

ಒಂದು ದಿನ ಗುಳ್ಳೆನರಿ ಇಲಿ ಹಿಡಿಯಲು ಹೋದಳು. ತಿರುಗಿ ಬಂದರೆ ಬಿಲ ಇಲ್ಲ. ಬಿಲದ ಬಾಯಿಯ ಮೇಲೆ ಚಪ್ಪಡಿ ಕಲ್ಲು. ಕಲ್ಲಿನ ಕೆಳಗೆ ಕುಂಯ್ ಕುಂಯ್. ಗುಳ್ಳೆನರಿ ಕೆರೆದಳು. ನೆಲ ಗಟ್ಟಿ ಗರಸು. ಉಗುರು ಸವೆಯಿತು, ಗರಸು ಸವೆಯಲಿಲ್ಲ.

ಕಲ್ಲಣ್ಣ, ಸ್ವಲ್ಪ ಏಳು ಅಂದಳು. ನನಗೇನು ಕಾಲಿದೆಯಾ ಅಂತು ಕಲ್ಲು. ಜೆಸಿಬಿ ಮಲಗಿಸಿತು, ಮಲಗಿದ್ದೇನೆ ಅಂತು.

ಕಲ್ಲು ಏಳದು, ಬಿಲ ತೆರೆಯದು, ಮರಿಗೆ ಹಾಲಿಲ್ಲ.

ಗುಳ್ಳೆನರಿ ಜೆಸಿಬಿ ಹತ್ತಿರ ಓಡಿದಳು. ಜೆಸಿಬಿ ಅಣ್ಣ, ಕಲ್ಲು ಎತ್ತು ಅಂದಳು. ಕೈ ಉದ್ದ ಇದೆ, ಬುದ್ಧಿ ನನ್ನದಲ್ಲ ಅಂತು ಜೆಸಿಬಿ. ಮೇಸ್ತ್ರಿ ಹೇಳಿದರೆ ಎತ್ತುತ್ತೇನೆ ಅಂತು.

ಜೆಸಿಬಿ ಎತ್ತದು, ಕಲ್ಲು ಏಳದು, ಬಿಲ ತೆರೆಯದು, ಮರಿಗೆ ಹಾಲಿಲ್ಲ.

ಗುಳ್ಳೆನರಿ ಮೌಲಾಸಾಬ ಮೇಸ್ತ್ರಿ ಹತ್ತಿರ ಓಡಿದಳು. ಮಾಮಾ, ಜೆಸಿಬಿಗೆ ಹೇಳು ಅಂದಳು. ಮೇಸ್ತ್ರಿಯ ಮುಖ ಸಣ್ಣದಾಯಿತು. ಒಳಗೆ ಮರಿ ಇದ್ದದ್ದು ಗೊತ್ತಿರಲಿಲ್ಲ ತಾಯಿ ಅಂದ. ಆದರೂ ನಕ್ಷೆಯ ಗೆರೆ ಹೋದಲ್ಲೇ ನಾನು ಹೋಗಬೇಕು ಅಂದ.

ಮೇಸ್ತ್ರಿ ಹೇಳನು, ಜೆಸಿಬಿ ಎತ್ತದು, ಕಲ್ಲು ಏಳದು, ಬಿಲ ತೆರೆಯದು, ಮರಿಗೆ ಹಾಲಿಲ್ಲ.

ಗುಳ್ಳೆನರಿ ನಕ್ಷೆಯ ಹತ್ತಿರ ಓಡಿದಳು. ನಕ್ಷೆ ಜೀಪಿನ ಮೂತಿಯ ಮೇಲೆ ಕೈಕಾಲು ಚಾಚಿ ಮಲಗಿತ್ತು. ಅಕ್ಕಾ, ಒಂಚೂರು ಬಾಗು ಅಂದಳು. ನನ್ನ ಗೆರೆ ಸ್ಕೇಲು ಇಟ್ಟು ಎಳೆದದ್ದು ಅಂತು ನಕ್ಷೆ. ನನ್ನಲ್ಲಿ ಎಲ್ಲಿ ಹುಡುಕಿದರೂ ನಿನ್ನ ಬಿಲ ಇಲ್ಲ ಅಂತು. ಬಾಗಬೇಕಾದರೆ ಧಣಿ ಹೇಳಬೇಕಂತೆ.

ನಕ್ಷೆ ಬಾಗದು, ಮೇಸ್ತ್ರಿ ಹೇಳನು, ಜೆಸಿಬಿ ಎತ್ತದು, ಕಲ್ಲು ಏಳದು, ಬಿಲ ತೆರೆಯದು, ಮರಿಗೆ ಹಾಲಿಲ್ಲ.

ಗುಳ್ಳೆನರಿ ಧಣಿ ಅಂದಾನಪ್ಪನ ಹತ್ತಿರ ಓಡಿದಳು. ಅವನು ಕೊಡೆಯ ಕೆಳಗೆ ಕೂತಿದ್ದ. ಧಣೇರ, ನಕ್ಷೆಗೆ ಹೇಳಿ ಅಂದಳು. ಧಣಿ ಹೊಟ್ಟೆ ಕುಣಿಸಿ ನಕ್ಕ. ನರಿಗೆ ಯಾರಾದರೂ ಸೈಟು ಮಾರಿದ್ದುಂಟಾ ಅಂದ. ಕೊಳ್ಳುವವರು ಹೇಳಿದರೆ ಕೇಳುತ್ತೇನೆ, ಆ ಸೈಟು ನೋಡಲು ಹುಲಿಗೆಮ್ಮ ಬಂದಿದ್ದಾಳೆ ಅಂದ.

ಧಣಿ ಕೇಳನು, ನಕ್ಷೆ ಬಾಗದು, ಮೇಸ್ತ್ರಿ ಹೇಳನು, ಜೆಸಿಬಿ ಎತ್ತದು, ಕಲ್ಲು ಏಳದು, ಬಿಲ ತೆರೆಯದು, ಮರಿಗೆ ಹಾಲಿಲ್ಲ.

ಹುಲಿಗೆಮ್ಮ ಪೇಟೆಯಲ್ಲಿ ಖಾನಾವಳಿ ನಡೆಸುವವಳು. ಯಾವ ಜಾಗ ಕೊಳ್ಳುವ ಮೊದಲೂ ಅಲ್ಲಿ ಕೂತು ಒಂದು ರೊಟ್ಟಿ ಉಣ್ಣುವವಳು. ರೊಟ್ಟಿ ಸಲೀಸಾಗಿ ಇಳಿದರೆ ಜಾಗ ಒಳ್ಳೆಯದು. ಅದು ಅವಳ ಲೆಕ್ಕ. ಈಗ ಅವಳು ಚಪ್ಪಡಿ ಕಲ್ಲಿನ ಮೇಲೆಯೇ ಕೂತಿದ್ದಳು. ಒಂದು ತುತ್ತು ಬಾಯಿಗಿಟ್ಟಳು. ಕೆಳಗೆ ಕುಂಯ್ ಕುಂಯ್. ತುತ್ತು ಗಂಟಲಲ್ಲೇ ನಿಂತಿತು.

ಗುಳ್ಳೆನರಿ ಓಡಿ ಬಂದು ಎದುರು ನಿಂತಳು. "ಯವ್ವಾ, ನೀನು ಕೂತದ್ದು ನನ್ನ ಮನೆ ಬಾಗಿಲ ಮೇಲೆ. ಒಳಗೆ ನನ್ನ ಮಕ್ಕಳಿದ್ದಾರೆ."

ಹುಲಿಗೆಮ್ಮ ಎದ್ದಳು. ರೊಟ್ಟಿ ಮಡಿಚಿ ಗಂಟು ಕಟ್ಟಿದಳು. ಸೀದಾ ಧಣಿಯ ಹತ್ತಿರ ಹೋದಳು.

"ಅಂದಾನಪ್ಪಾರ, ಕೆಳಗೆ ಮಕ್ಕಳು ಅಳುತ್ತಿದ್ದರೆ ಮೇಲೆ ನನಗೆ ರೊಟ್ಟಿ ಇಳಿಯುವುದಿಲ್ಲ. ನಕ್ಷೆಯಲ್ಲಿ ನಿಮ್ಮ ಪಾರ್ಕು ಎಲ್ಲಿ? ಆ ಕಡೆ ಮೂಲೆಯಲ್ಲಿ ತಾನೆ? ಅದನ್ನು ಇಲ್ಲಿಗೆ ತನ್ನಿ, ನನ್ನ ಸೈಟು ಅಲ್ಲಿಗೆ ಹೋಗಲಿ. ಪಾರ್ಕಿಗೆ ಹುಲ್ಲು ಹಾಸಬೇಡಿ, ಕಾರಂಜಿ ಇಡಬೇಡಿ. ಕಾರೆ, ಬೋರೆ ಇದ್ದ ಹಾಗೇ ಇರಲಿ. ಆಗದಿದ್ದರೆ ಹೇಳಿ, ನಾನು ಬಸ್ಸು ಹತ್ತುತ್ತೇನೆ."

ಧಣಿ ಆ ಕಡೆ ನೋಡಿದ, ಈ ಕಡೆ ನೋಡಿದ. ಆ ಬಿಸಿಲಿಗೆ ಬಂದ ಗಿರಾಕಿ ಅವಳೊಬ್ಬಳೇ. ನಗು ನಿಂತಿತು.

ಹುಲಿಗೆಮ್ಮ ಹೇಳಿದಳು, ಧಣಿ ಕೇಳಿದ. ಧಣಿ ಕೇಳಿದ, ನಕ್ಷೆ ಬಾಗಿತು. ನಕ್ಷೆ ಬಾಗಿತು, ಮೇಸ್ತ್ರಿ ಹೇಳಿದ. ಅವನು ಬರೀ ಹೇಳಲಿಲ್ಲ ಕಣೆ, ಚಹಾ ಚೆಲ್ಲಿ ಓಡಿಹೋಗಿ ಹೇಳಿದ. ಮೇಸ್ತ್ರಿ ಹೇಳಿದ, ಜೆಸಿಬಿ ಎತ್ತಿತು. ಜೆಸಿಬಿ ಎತ್ತಿತು, ಕಲ್ಲು ಎದ್ದಿತು. ಕಲ್ಲು ಎದ್ದಿತು, ಬಿಲ ತೆರೆಯಿತು. ಬಿಲ ತೆರೆಯಿತು, ಒಂದು ಮರಿ ಬಂತು, ಎರಡು ಮರಿ ಬಂತು, ಮೂರು ಮರಿ ಬಂತು. ಮೂರೂ ಅವ್ವನ ಹೊಟ್ಟೆಗೆ ಮೂತಿ ತೂರಿ ಹಾಲು ಕುಡಿದವು.

ಹಾಲು ಕುಡಿದು ಮರಿಗಳು ಬಿಲದ ಬಾಯಲ್ಲಿ ಕೂತು ಹೊರಗೆ ನೋಡಿದವು. ಪಾರ್ಕಿನ ಆಚೆ ಕಲ್ಲು. ಕಲ್ಲಿನ ಆಚೆ ಕಲ್ಲು. ಅದರ ಆಚೆಗೂ ಕಲ್ಲು. ನಡುವಿನ ಮರಿ ಬಾಯಿ ಒರೆಸಿಕೊಂಡು ಒಂದು ಮಾತು ಕೇಳಿತು. ಕಲ್ಲನ್ನು ಕೇಳಿ, ಜೆಸಿಬಿಯನ್ನು ಕೇಳಿ, ಮೇಸ್ತ್ರಿಯನ್ನು ಕೇಳಿ, ನಕ್ಷೆಯನ್ನು ಕೇಳಿ, ಧಣಿಯನ್ನು ಕೇಳಿ ಬಂದ ಅವ್ವನನ್ನೇ ಕೇಳಿತು.

"ಅವ್ವಾ, ನಾವು ಮೂವರೂ ದೊಡ್ಡವರಾದ ಮೇಲೆ ನಮ್ಮ ನಮ್ಮ ಬಿಲ ಎಲ್ಲಿ ತೋಡೋದು?"